ಮರುಕೂಗು

ಜನವರಿ 12

ಲೋ ಒಂಟೆ,

ನಾನು ಕೇಳಿದ್ದು ನಿಜವೇನೋ? ಹದಿನಾಲ್ಕು ಮಹಡಿಯ ಹೊಸ ಕಟ್ಟಡದಲ್ಲಿ ಲಿಫ್ಟ್ ಓಡಿಸಿ ನೋಡುವ ದಿನ ಗ್ಲಾಸಿಗೆ ನೀರು ತುಂಬಿಸಿ ಇಟ್ಟೆಯಂತೆ! ನೀರು! ನಿನ್ನ ಗುಂಪಿನ ವೆಲ್ಡರ್ ರಜೆಗೆ ಬಂದವನು ಮನೆಗೆ ಬಂದು ಹೇಳಿದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಅವನು ನಗುತ್ತಿಲ್ಲ. "ಆಣೆಗೂ ಹೌದಣ್ಣ. ಬಾಟ್ಲಿ ತಂದಿದ್ದೋರು ಹಾಗೇ ವಾಪಸ್ ತಗೊಂಡು ಹೋದ್ರು. ಕುಡಿಯೋದು ಬಿಟ್ಟು ಎರಡು ತಿಂಗಳಾಯ್ತಂತೆ," ಎಂದ.

ನಿನ್ನ ಉದ್ದ ಕತ್ತು ನೋಡಿ ಒಂಟೆ ಎಂದು ಹೆಸರಿಟ್ಟವನು ನಾನು. ನೀನು ನೋಡಿದರೆ ನೀರಿಗೇ ಬಿದ್ದೆಯಲ್ಲೋ ಮಾರಾಯ!

ಇಪ್ಪತ್ತೆರಡು ವರ್ಷ ಜೊತೆಯಾಗಿ ಲಿಫ್ಟ್ ಕೂರಿಸಿದ್ದೇವೆ. ಪ್ರತಿ ಸಲವೂ ಕೊನೆಯ ದಿನ ಅದೇ ಶಾಸ್ತ್ರ. ಅಂಚಿನವರೆಗೆ ತುಂಬಿದ ಗ್ಲಾಸನ್ನು ಲಿಫ್ಟ್ ಗಾಡಿಯ ನೆಲದ ನಟ್ಟನಡುವೆ ಇಟ್ಟು ಬುಡದಿಂದ ತುದಿಯ ಮಹಡಿಗೆ ಓಡಿಸುವುದು. ಒಂದು ಹನಿಯೂ ಚೆಲ್ಲದಿದ್ದರೆ ಲಿಫ್ಟ್ ಪಾಸು, ಗ್ಲಾಸು ನಮ್ಮ ಹೊಟ್ಟೆಗೆ. ಕಂಪನಿಯ ಸಾಹೇಬರು ಕಾಗದಕ್ಕೆ ರುಜು ಹಾಕುವುದು ಆಮೇಲೆ, ನಮ್ಮ ರುಜು ಬೀಳುತ್ತಿದ್ದುದು ಆ ಗ್ಲಾಸಿನ ಮೇಲೆ. ನೀರಿಟ್ಟರೆ ಅದಕ್ಕೇನು ಮರ್ಯಾದೆ ಹೇಳು.

ಇಲ್ಲಿ ಎಲ್ಲ ಕ್ಷೇಮ. ಮರದ ಕಾಲು ನನಗೆ ಒಗ್ಗಿದೆ, ನಾನು ಅದಕ್ಕೆ ಒಗ್ಗಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತ ಕೂತಿರುತ್ತೇನೆ, ನಿನ್ನ ತಂಗಿ ಅದೇ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತ ನನ್ನನ್ನು ಬೈಯುತ್ತಿರುತ್ತಾಳೆ. ಕಂಪನಿಯವರು ಹೊಸಬರಿಗೆ ಕೆಲಸ ಕಲಿಸುವ ಶಾಲೆ ತೆರೆಯುತ್ತಾರಂತೆ, ಮೇಷ್ಟ್ರಾಗಿ ಬಾ ಎಂದು ಎರಡು ಸಲ ಕೇಳಿದರು. ಆಗುವುದಿಲ್ಲ ಎಂದೆ.

ಮಾರ್ಚ್ ಕೊನೆಯ ಭಾನುವಾರಕ್ಕೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಹಳೆಯ ಗುಂಪೆಲ್ಲ ಬರುತ್ತದೆ. ನೀನು ಬರದಿದ್ದರೆ ಸುಮ್ಮನೆ ಬಿಡುವವನಲ್ಲ. ಫೋನು ಮಾಡಬೇಡ, ತಲೆಗೆ ಏಟು ಬಿದ್ದಾಗಿನಿಂದ ಫೋನಿನ ಮಾತು ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಕಾಗದವನ್ನೇ ಬರೆ.

ನಿನ್ನ
ಅಳಿಲು


ಜನವರಿ 27

ಪ್ರಿಯ ಅಳಿಲೇ,

ವೆಲ್ಡರ್ ಹೇಳಿದ್ದು ನಿಜ. ಇವತ್ತಿಗೆ ಎಂಬತ್ತೊಂದು ದಿನ.

ನೀರಿನ ಗ್ಲಾಸು ಹದಿನಾಲ್ಕು ಮಹಡಿ ಹತ್ತಿತು, ಒಂದು ಹನಿ ಚೆಲ್ಲಲಿಲ್ಲ. ಬಾಗಿಲು ತೆರೆದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೂಪರ್‌ವೈಸರ್ ಗ್ಲಾಸಿಗೆ ಮೂಗು ಹಚ್ಚಿ ನೋಡಿ, "ಏನಯ್ಯಾ ಇದು, ಆಸ್ಪತ್ರೆನಾ?" ಎಂದರು. ಗುಂಪಿನ ಮುಖಂಡ ನಾನೇ ಆದ್ದರಿಂದ ಉಳಿದವರು ಎದುರಿಗೆ ಆಡಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರೂ ಎದುರಿನ ಬಾರಿಗೆ ಹೋದರು. ನಾನೊಬ್ಬನೇ ಆ ನೀರು ಕುಡಿದು, ಗ್ಲಾಸು ತೊಳೆದಿಟ್ಟು, ಸ್ಪ್ಯಾನರುಗಳನ್ನು ಒರೆಸುತ್ತ ಕೂತೆ.

ಒಂದು ವಿಚಿತ್ರ ನೋಡು. ಮೂವತ್ತು ವರ್ಷ ಕುಡಿದೆ, ಯಾಕೆ ಕುಡಿಯುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಬಿಟ್ಟ ಮೇಲೆ ಎಲ್ಲರಿಗೂ ಕಾರಣ ಬೇಕು. "ಏನು ಕಾಯಿಲೆ?" ಎನ್ನುತ್ತಾರೆ. "ಲಿವರ್" ಎಂದು ಸುಳ್ಳು ಹೇಳಿದರೆ ಪಾಪ ಎಂದು ಬೆನ್ನು ತಟ್ಟುತ್ತಾರೆ. "ಬೇಡ ಅನ್ನಿಸ್ತು" ಎಂದರೆ ಮುಖ ಗಂಟು ಹಾಕುತ್ತಾರೆ, ನಾನು ಅವರನ್ನೇ ಬೈದೆ ಎನ್ನುವ ಹಾಗೆ. ಪಕ್ಕದ ಮನೆಯವನ ತಾಯಿ ತೀರಿಕೊಂಡಾಗ ದುಃಖಕ್ಕೆಂದು ಬಾಟಲಿ ಬಂತು. ಹದಿನೈದು ದಿನಕ್ಕೆ ಅವನಿಗೆ ಬಡ್ತಿ ಸಿಕ್ಕಿತು, ಖುಷಿಗೆಂದು ಅದೇ ಬಾಟಲಿ ಬಂತು. ಎರಡು ಸಲವೂ ಬಾಗಿಲಲ್ಲೇ ನಿಂತು ಮಾತಾಡಿಸಿ ಬಂದೆ. ಈಗ ಅವನು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾನೆ.

ಸಂಜೆಗಳು ಬಹಳ ಉದ್ದ. ಮನೆಯಲ್ಲಿ ನಾನೊಬ್ಬನೇ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ ನೋಡು, ಹೋದ ವಾರ ವಾಷರ್ ಬದಲಿಸಿದೆ.

ಮೇಷ್ಟ್ರ ಕೆಲಸ ಯಾಕೆ ಬೇಡ ಎಂದೆ? ಲಿಫ್ಟ್ ಓಡುವ ಬಾವಿಯೊಳಗಿನ ಕೆಲಸ ನಿನ್ನಷ್ಟು ಬಲ್ಲವರು ಈ ಕಂಪನಿಯಲ್ಲಿ ಯಾರಿದ್ದಾರೆ?

ತಂಗಿಗೆ ನನ್ನ ನೆನಪು ಹೇಳು.

ಇತಿ,
ಒಂಟೆ


ಫೆಬ್ರವರಿ 16

ಲೋ ಒಂಟೆ,

ಯಾಕೆ ಬೇಡ ಎಂದೆ ಅಂತ ಕೇಳುತ್ತೀಯಲ್ಲ, ನಿನಗೆ ಗೊತ್ತಿಲ್ಲವೇನೋ? ಆ ಶಾಲೆಯಲ್ಲಿ ಮೊದಲನೆಯ ಪಾಠವೇ ಕೂಗು. ಗಾಡಿಯ ತಲೆಯ ಮೇಲೆ ನಿಂತು ಕೆಲಸ ಮಾಡುವವನು "ಮೇಲೆ, ಒಂದಡಿ" ಎಂದು ಕೂಗಬೇಕು. ತುದಿಯ ಮೋಟಾರು ಕೋಣೆಯಲ್ಲಿ ಸ್ವಿಚ್ಚಿನ ಮೇಲೆ ಕೈಯಿಟ್ಟವನು ಅದನ್ನೇ ಮರುಕೂಗಬೇಕು. ಮೊದಲು ಕೂಗಿದವನು "ಸರಿ" ಎನ್ನಬೇಕು. ಆಮೇಲೆಯೇ ಗಾಡಿ ಅಲ್ಲಾಡಬೇಕು. ಕಾಲು ಗಾಡಿಯ ಅಂಚಿನಿಂದ ಆಚೆ ಇಟ್ಟುಕೊಂಡೇ ಕೂಗಿ, "ಸರಿ" ಎಂದೂ ಹೇಳಿದ ಮಹಾಶಯ ಯಾವ ಮುಖ ಹೊತ್ತು ಅದನ್ನು ಕಲಿಸಲಿ? "ಮೇಷ್ಟ್ರೇ, ನಿಮ್ಮ ಕಾಲು?" ಎಂದು ಯಾರಾದರೂ ಕೇಳಿದರೆ "ನನ್ನ ಬಾಯಿಯೇ ತಿಂತು ಕಣಪ್ಪ" ಎನ್ನಲೇ?

ಆ ಮಧ್ಯಾಹ್ನದ ಊಟದವರೆಗಿನದು ಎಲ್ಲ ನೆನಪಿದೆ. ಆಮೇಲಿನದು ಆಸ್ಪತ್ರೆಯ ಸೀಲಿಂಗ್ ಫ್ಯಾನು. ನಡುವಿನದನ್ನೆಲ್ಲ ನೀನು ಹೇಳಿದ್ದರಿಂದ ಬಲ್ಲೆ. ಆರು ವರ್ಷದಿಂದ ಆ ಕೂಗನ್ನು ನೆನಪಿಸಿಕೊಳ್ಳಲು ಒದ್ದಾಡಿದ್ದೇನೆ, ಬರುವುದೇ ಇಲ್ಲ. ಹಾಳಾಗಲಿ.

ನಿನ್ನ ಎಂಬತ್ತೊಂದು ದಿನದ ಲೆಕ್ಕ ಓದಿ ಕೋಪ ಬಂತು, ಮುಚ್ಚಿಡುವುದಿಲ್ಲ. ಅತಿಯಾಗಿ ಕುಡಿದು ಮೋರಿಯಲ್ಲಿ ಬೀಳುವವರು ಬಿಡಲಿ. ನಾವು ಯಾವತ್ತು ಬಿದ್ದೆವು? ದುಡಿದೆವು, ಕೂತು ಒಂದೆರಡು ಗ್ಲಾಸು ಹಾಕಿದೆವು, ಎದ್ದು ಮನೆಗೆ ಹೋದೆವು. ಮನುಷ್ಯ ಮನುಷ್ಯನ ಎದುರು ಕೂರುವುದು ಮತ್ತೆ ಹೇಗೋ? ಈಗ ನೀನು ಮಡಿ ಉಟ್ಟುಕೊಂಡು ದೂರ ನಿಂತರೆ ನಾವೆಲ್ಲ ಕೆಟ್ಟವರು ಎಂದ ಹಾಗಾಯಿತು.

ಭಾನುವಾರದ ಮಾತು ಮರೆಯಬೇಡ. ನಾನೇ ತುಂಬಿಸಿ ಕೊಡುತ್ತೇನೆ, ಒಂದೇ ಒಂದು. ನನ್ನ ಕಾಲಿನ ಮೇಲಾಣೆ, ಅಂದರೆ ಉಳಿದಿರುವ ಕಾಲಿನ ಮೇಲೆ. ಅದನ್ನೂ ಎತ್ತುವುದಿಲ್ಲವೆಂದರೆ ನಾನು ನಿನಗೆ ಏನೂ ಅಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಅಳಿಲು


ಮಾರ್ಚ್ 19

ಪ್ರಿಯ ಅಳಿಲೇ,

ಭಾನುವಾರ ಬರಲಾಗುವುದಿಲ್ಲ. ನೀನು ಕೊಡುವ ಗ್ಲಾಸಿಗೆ ಹೆದರಿ ಅಲ್ಲ. ನಿನ್ನ ಮುಂದೆ ಕೂರಲು ಹೆದರಿ. ನಾವು ಗ್ಲಾಸಿಲ್ಲದೆ ಎದುರುಬದುರು ಕೂತದ್ದು ನಿನಗೆ ನೆನಪಿದೆಯೇ? ಯೋಚಿಸಿ ನೋಡಿದೆ, ನನಗೆ ಒಂದು ದಿನವೂ ನೆನಪಾಗಲಿಲ್ಲ. ಆಸ್ಪತ್ರೆಗೆ ನಿನ್ನನ್ನು ನೋಡಲು ಬಂದಾಗಲೆಲ್ಲ ಕುಡಿದೇ ಬಂದಿದ್ದೆ.

ಇದಕ್ಕಿಂತ ಉದ್ದದ ಕಾಗದ ಮೂರು ಸಲ ಬರೆದು ಹರಿದೆ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ಒಂಟೆ


ಏಪ್ರಿಲ್ 4

ಅಣ್ಣನಿಗೆ ನಮಸ್ಕಾರಗಳು.

ನಾನು ಕಾಗದ ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಮಿಷನ್ನಿನ ಬಿಡಿಭಾಗ ತರಲು ಪೇಟೆಗೆ ಹೋಗಿದ್ದಾರೆ.

ಭಾನುವಾರ ಜನ ಚೆನ್ನಾಗಿಯೇ ಸೇರಿದ್ದರು. ಇವರು ತಮ್ಮ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಬಿಡಿಸಿ, ಅದರ ಮುಂದೆ ಅಂಚಿನವರೆಗೆ ತುಂಬಿದ ಗ್ಲಾಸು ಇಟ್ಟಿದ್ದರು. ಯಾರಾದರೂ ಕೂರಲು ಹೋದರೆ "ಅದು ಒಂಟೇದು" ಎಂದು ಎಬ್ಬಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಇವರೂ ನಗುತ್ತಿದ್ದರು. ಎಲ್ಲರೂ ಹೋದ ಮೇಲೆ ನಾನು ಗ್ಲಾಸು ತೆಗೆಯಲು ಹೋದರೆ ಕೈ ಹಿಡಿದು, "ಇರಲಿ ಬಿಡು, ಅವನು ನನ್ನಿಂದ ಯಾಕೆ ತಪ್ಪಿಸಿಕೊಳ್ತಿದಾನೆ?" ಎಂದರು. ಕುಂಟನ ಮನೆಗೆ ಬರಲು ನಾಚಿಕೆ ಅವನಿಗೆ ಎಂದುಕೊಂಡಿದ್ದಾರೆ.

ಅಣ್ಣಾ, ಒಂದು ಮಾತು. ಸ್ನಾನದ ಮನೆಯಲ್ಲಿ ಇವರು ಒಬ್ಬರೇ ಕೂಗುತ್ತಿರುತ್ತಾರೆ. "ಮೇಲೆ, ಒಂದಡಿ." ಆಮೇಲೆ "ಸರಿ." ಮತ್ತೆ ಮತ್ತೆ. ಹೊರಗೆ ಬಂದು, "ಇಲ್ಲ ಕಣೇ, ಬಾಯಿಗೆ ನೆನಪಾಗ್ತಿಲ್ಲ," ಎನ್ನುತ್ತಾರೆ. ಮೊದಲ ಎರಡು ವರ್ಷ ನಾನೂ ಇವರನ್ನು ಬಿಟ್ಟಿಲ್ಲ. "ನಿಮ್ಮ ಬಾಯಿಂದಲೇ ನಮ್ಮ ಬಾಳು ಹೋಯ್ತು," ಎಂದು ಊಟಕ್ಕೆ ಕೂತಾಗಲೂ ಅಂದಿದ್ದೇನೆ. ಆಡಬಾರದಿತ್ತು.

ನೀವು ಮೊದಲಿನಿಂದಲೂ ಮಾತು ಕಡಿಮೆ. ಆದರೂ ಕೇಳುತ್ತೇನೆ. ಆ ದಿನದ್ದು ಇನ್ನೂ ಏನಾದರೂ ನಿಮಗೆ ಗೊತ್ತಿದ್ದರೆ ಹೇಳಿಬಿಡಿ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇವರಿಗೆ ಹೇಳಿ.

ಇತಿ ನಿಮ್ಮ ತಂಗಿ


ಏಪ್ರಿಲ್ 11

ಅಳಿಲೇ,

ಪ್ರಿಯ ಎಂದು ಬರೆಯುವ ಹಕ್ಕು ಇಲ್ಲ, ಅದಕ್ಕೇ ಬರೆಯಲಿಲ್ಲ. ನೇರವಾಗಿ ಹೇಳುತ್ತೇನೆ.

ನೀನು ಆ ದಿನ ಕೂಗಲಿಲ್ಲ.

"ಮೇಲೆ" ಎಂದೂ ಕೂಗಲಿಲ್ಲ, "ಸರಿ" ಎಂದೂ ಹೇಳಲಿಲ್ಲ. ನೀನು ಬೋಲ್ಟು ಬಿಗಿಸುತ್ತ ಬಗ್ಗಿದ್ದೆ, ಸ್ಪ್ಯಾನರಿನ ಸದ್ದು ಮಾತ್ರ ಬರುತ್ತಿತ್ತು. ಗಾಡಿ ಅಲ್ಲಾಡುವುದಿಲ್ಲ ಎಂಬ ನಂಬಿಕೆಯಲ್ಲಿ ಕಾಲು ಆಚೆ ಇಟ್ಟಿದ್ದೆ. ಇಡಬಹುದಿತ್ತು, ಅದು ತಪ್ಪೇ ಅಲ್ಲ. ಮಧ್ಯಾಹ್ನ ಆ ಕಟ್ಟಡದ ಮೊದಲನೆಯ ಲಿಫ್ಟ್ ಪಾಸಾಗಿ ಗ್ಲಾಸು ಕುಡಿದಿದ್ದೆವು. ಒಂದಲ್ಲ, ಎರಡು. ಎರಡನೆಯ ಲಿಫ್ಟಿನ ಕೆಲಸ ಬಾಕಿ ಇತ್ತು. ಮೋಟಾರು ಕೋಣೆ ಬಿಸಿಯಾಗಿತ್ತು, ನನಗೆ ತೂಕಡಿಕೆ. ನನ್ನಷ್ಟಕ್ಕೆ ನಾನೇ "ಮೇಲೆ, ಒಂದಡಿ" ಎಂದು ಮರುಕೂಗು ಕೊಟ್ಟು ಸ್ವಿಚ್ಚು ಒತ್ತಿದೆ. ನೀನು ಕಿರುಚಿದ್ದು ಆಮೇಲೆ.

ಆಸ್ಪತ್ರೆಯ ಜಗುಲಿಯಲ್ಲಿ ಸೂಪರ್‌ವೈಸರ್ ಕೇಳಿದ್ದು ಹೀಗೆ: "ಅವನು ಕೂಗಿದ, ನೀನು ಮರುಕೂಗಿದೆ, ಅವನು ಸರಿ ಅಂದ. ಅಷ್ಟೇ ತಾನೇ?" ಅವರ ಬಾಯಿಂದಲೂ ಅದೇ ಗ್ಲಾಸಿನ ವಾಸನೆ ಬರುತ್ತಿತ್ತು. ನಾನು ಹೂಂ ಎಂದೆ. ವಿಚಾರಣೆಗೆ ಬಂದ ಅಧಿಕಾರಿ ಹಗ್ಗದ ಬಗ್ಗೆ ಕೇಳಿದ, ಮೋಟಾರಿನ ಎಣ್ಣೆಯ ಬಗ್ಗೆ ಕೇಳಿದ, ಬಾವಿಯಲ್ಲಿ ದೀಪ ಇತ್ತೇ ಎಂದು ಕೇಳಿದ. ಗ್ಲಾಸಿನ ಮಾತು ಒಬ್ಬನೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಅಲ್ಲಿದ್ದ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿತ್ತು. ಕೊನೆಗೆ ಕಾಗದದಲ್ಲಿ "ಕೆಲಸಗಾರನ ಅಜಾಗ್ರತೆ" ಎಂದು ಬಂತು. ಆ ಕೆಲಸಗಾರ ನೀನು ಎಂದು ನಾನು ರುಜು ಹಾಕಿದೆ.

ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಮೊದಲ ದಿನದಿಂದಲೂ ಗೊತ್ತಿತ್ತು. ನಿನಗೆ ನೆನಪಿಲ್ಲ ಎಂದು ಡಾಕ್ಟರು ಹೇಳಿದಾಗ ನನ್ನ ಎದೆ ಹಗುರಾಯಿತಲ್ಲ, ಅದು ನನಗೆ ಎಲ್ಲಕ್ಕಿಂತ ಹೇಸಿಗೆ. ಆಮೇಲೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ದಿನವೂ ಕುಡಿದೆ. ಎರಡನೆಯ ಗ್ಲಾಸು ಮುಗಿಯುವಷ್ಟರಲ್ಲಿ, ನೀನು ಕೂಗದ ಆ ಕೂಗು ನನಗೂ ನಿಜವಾಗಿ ಕೇಳಿಸುತ್ತಿತ್ತು.

ಹೋದ ನವೆಂಬರಿನಲ್ಲಿ ಊಟದ ಜೊತೆ ಎರಡು ಹಾಕಿ ಮೋಟಾರು ಕೋಣೆಗೆ ಹತ್ತಿದ್ದೆ. ಗಾಡಿಯ ಮೇಲೆ ವೆಲ್ಡರ್ ಇದ್ದ. "ಮೇಲೆ, ಒಂದಡಿ" ಎಂದು ನಾನು ಮರುಕೂಗಿದೆ. ಕೆಳಗಿನಿಂದ ಅವನು, "ಯಾರಣ್ಣ ಕೂಗಿದ್ದು? ನಾನು ಕೂಗೇ ಇಲ್ವಲ್ಲ!" ಎಂದ. ನನ್ನ ಕೈ ಸ್ವಿಚ್ಚಿನ ಮೇಲೆ ಇತ್ತು. ಕೆಳಗಿಳಿದು ಬಂದು ಕಕ್ಕಿದೆ. ಆವತ್ತಿನಿಂದ ಮುಟ್ಟಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೆಟ್ಟಿದ್ದು ನಾನಲ್ಲ, ನೀನು, ಅಷ್ಟೇ ವ್ಯತ್ಯಾಸ.

ಇದನ್ನೇ ಬರೆದು ಕಂಪನಿಗೂ ಕಳಿಸಿದ್ದೇನೆ. ತಂಗಿಗೆ ಓದಿ ಹೇಳು. ನಿನ್ನ ಬಾಯಿ ಯಾವ ತಪ್ಪನ್ನೂ ಮಾಡಿಲ್ಲ.

ಒಂಟೆ


ಜೂನ್ 2

ಅಳಿಲೇ,

ಏಳು ವಾರವಾಯಿತು. ಉತ್ತರ ಕೊಡು ಎಂದು ಕೇಳುತ್ತಿಲ್ಲ, ಕಾಗದ ತಲುಪಿತೇ ಎಂದು ಮಾತ್ರ ಕೇಳುತ್ತಿದ್ದೇನೆ.

ಕಂಪನಿಯವರು ಗುಂಪಿನಿಂದ ನನ್ನನ್ನು ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಬೋಲ್ಟು ಎಣಿಸಿ ಕೊಡುವ ಕೆಲಸ. ಸೂಪರ್‌ವೈಸರ್ ಬಂದು, "ಸತ್ತ ಹಾವನ್ನ ಯಾಕಯ್ಯಾ ಎಬ್ಬಿಸಿದೆ? ಕುಡೀತಿದ್ದಾಗಲೇ ನೀನು ಒಳ್ಳೆಯವನಾಗಿದ್ದೆ," ಎಂದು ಹೇಳಿ ಹೋದರು. ಹಾಗೆಂದು ಬಹಳ ಜನಕ್ಕೆ ಅನ್ನಿಸಿದೆ. ನನಗೂ ಕೆಲವು ಸಂಜೆ ಅನ್ನಿಸುತ್ತದೆ. ಮೊನ್ನೆ ಬಾರಿನ ಬಾಗಿಲವರೆಗೂ ಹೋಗಿ ನಿಂತಿದ್ದೆ. ವಾಪಸು ಬಂದೆ, ಹೇಗೆ ಬಂದೆನೋ ಗೊತ್ತಿಲ್ಲ.

ಒಂಟೆ


ಜುಲೈ 21

ಒಂಟೆ,

ಎರಡು ಕಾಗದವೂ ತಲುಪಿವೆ. ಮೊದಲನೆಯದನ್ನು ಓದಿದ ದಿನ ರಿಪೇರಿಗೆ ಬಂದಿದ್ದ ಒಂದು ಮಿಷನ್ನಿನ ಚಕ್ರವನ್ನು ಗೋಡೆಗೆ ಎಸೆದೆ. ನಿನ್ನ ತಂಗಿ ಬೈಯಲಿಲ್ಲ. ನನ್ನ ಮುಂದೆ ನೆಲದ ಮೇಲೆ ಕೂತು, ಊಟದ ಹೊತ್ತಿನಲ್ಲಿ ಆಡಿದ ಮಾತುಗಳಿಗೆಲ್ಲ ಒಂದೊಂದಾಗಿ ಅತ್ತಳು. ಆರು ವರ್ಷ ಕಣೋ! ನನ್ನ ಬಾಯನ್ನೇ ನಾನು ನಂಬದ ಹಾಗೆ ಮಾಡಿದೆಯಲ್ಲೋ ಪಾಪಿ. ಕಾಲು ಹೋದದ್ದಕ್ಕೆ ನಿನ್ನನ್ನು ಎಂದಾದರೂ ಬಿಟ್ಟೇನು. ಇದಕ್ಕೆ ಬಿಡುತ್ತೇನೋ ಇಲ್ಲವೋ ಗೊತ್ತಿಲ್ಲ.

ಈಗ ಕೆಲಸದ ಮಾತು. ಕೇಳಿದ್ದನ್ನು ಮರುಕೂಗಬೇಕು, ನಮ್ಮ ಕೆಲಸದ ನಿಯಮ ಅದು. ಮರುಕೂಗುತ್ತೇನೆ, ಕೇಳು.

ಅಳಿಲು ಕೂಗಲಿಲ್ಲ. ಅಳಿಲು ಸರಿ ಎನ್ನಲಿಲ್ಲ. ಅವನು ಕಾಲು ಇಟ್ಟಿದ್ದ ಜಾಗ ತಪ್ಪಲ್ಲ. ಒಂಟೆ ಎರಡು ಗ್ಲಾಸು ಕುಡಿದಿದ್ದ. ಯಾರೂ ಕೂಗದ ಕೂಗಿಗೆ ಮರುಕೂಗಿ ಸ್ವಿಚ್ಚು ಒತ್ತಿದ. ಆಮೇಲೆ ಸುಳ್ಳಿಗೆ ರುಜು ಹಾಕಿದ.

ನೀನು ಕೂಗಿದ್ದು ಇಷ್ಟು. ಇನ್ನೊಂದನ್ನು ನೀನು ಬಿಟ್ಟಿದ್ದೀಯ. ಬೇಕೆಂದೇ ಬಿಟ್ಟಿದ್ದೀಯ ಎಂದು ನನಗೆ ಗೊತ್ತು. ಊಟದವರೆಗಿನದು ನನಗೆ ನೆನಪಿದೆ ಎಂದು ಬರೆದಿದ್ದೆನಲ್ಲ. ಎರಡನೆಯ ಗ್ಲಾಸಿಗೆ ನೀನು "ಬೇಡ ಕಣೋ, ಇನ್ನೊಂದು ಗಾಡಿ ಬಾಕಿ ಇದೆ" ಎಂದೆ. ಕೈ ಅಡ್ಡ ಹಿಡಿದೆ. "ಒಂಟಿ ಗ್ಲಾಸು ಅಪಶಕುನ, ಗಂಡಸಲ್ವೇನೋ ನೀನು?" ಎಂದು ನಿನ್ನ ಕೈ ಸರಿಸಿ ತುಂಬಿಸಿದವನು ನಾನು. ಎಲ್ಲರೂ ನಕ್ಕರು. ವಿಚಾರಣೆಯಲ್ಲಿ ನಾನೂ ಅದನ್ನು ಹೇಳಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ, ಹೋದ ವಾರ ಹೇಳಿದೆ. ಮೊನ್ನೆ ಮಾರ್ಚಿನಲ್ಲಿ ಮತ್ತೆ ಅದೇ ಗ್ಲಾಸು ತುಂಬಿಸಿ, ನೀನು ಬರಲಿಲ್ಲವೆಂದು ಮುನಿಸಿಕೊಂಡು ಕೂತಿದ್ದೆ ನೋಡು. ಇದರಿಂದ ನಿನ್ನ ಪಾಲು ಒಂದು ಹನಿಯೂ ಕಡಿಮೆಯಾಗುವುದಿಲ್ಲ. ನನ್ನದೂ ಸೇರಿಸಿ ಬರೆದುಕೊ, ಅಷ್ಟೇ.

ಮೇಷ್ಟ್ರ ಕೆಲಸ ಒಪ್ಪಿಕೊಂಡಿದ್ದೇನೆ. ಆಗಸ್ಟ್ ಐದಕ್ಕೆ ಮೊದಲ ಪಾಠ. ಶಾಲೆಯ ಹಿತ್ತಿಲಲ್ಲಿ ಮೂರು ಮಹಡಿಯ ಬಾವಿ ಕಟ್ಟಿದ್ದಾರೆ, ಗಾಡಿ ಇದೆ, ಮೋಟಾರು ಕೋಣೆ ಇದೆ. ಹನ್ನೆರಡು ಜನ ಹೊಸಬರು. ಅವರ ಮುಂದೆ ನಿಂತು, ನನಗೆ ಬರೆದದ್ದನ್ನೆಲ್ಲ ನಿನ್ನ ಬಾಯಿಂದ ಹೇಳಬೇಕು. ಎರಡನೆಯ ಗ್ಲಾಸಿನದನ್ನು ನಾನು ಹೇಳುತ್ತೇನೆ. ಆಮೇಲೆ ನಾನು ಗಾಡಿಯ ತಲೆಯ ಮೇಲೆ ಹತ್ತಿ ಕೂಗುತ್ತೇನೆ. ಹತ್ತುವಾಗ ಎರಡು ಕಡೆ ಹಿಡಿದುಕೊಳ್ಳಬೇಕಾದೀತು, ನಗುವವರು ನಗಲಿ. ಮೋಟಾರು ಕೋಣೆಯಲ್ಲಿ ನಿಲ್ಲಲು ಒಬ್ಬ ಬೇಕು. ನಿನ್ನ ಕೈ ಕೆಳಗೆ ಮತ್ತೆ ನಿಲ್ಲುತ್ತೇನೆ ಎಂದಾಗ ನಿನ್ನ ತಂಗಿ ಹೊಲಿಗೆ ನಿಲ್ಲಿಸಿದಳು. ಆಮೇಲೆ, "ಅಣ್ಣ ಏನೂ ಕುಡಿದಿರಲ್ಲ ತಾನೇ?" ಎಂದು ಕೇಳಿದಳು. ನಾನು ಇಲ್ಲ ಎಂದೆ. ನನ್ನ ಮಾತು ಸುಳ್ಳಾಗಬಾರದು.

ಕ್ಷಮಿಸಿಬಿಟ್ಟೆ ಎಂದು ತಿಳಿಯಬೇಡ. ಕಣ್ಣೀರು ಹಾಕಿ ಉದ್ದುದ್ದ ಬರೆಯಬೇಡ, ಓದುವುದಿಲ್ಲ. ನಾನು ಮರುಕೂಗಿದ್ದು ಸರಿಯಿದೆಯೇ, ಬರುತ್ತೀಯೇ, ಎರಡಕ್ಕೂ ಸೇರಿ ಒಂದೇ ಮಾತು ಬರೆ. ಈ ಸಲ ಸ್ವಿಚ್ಚಿನ ಮೇಲೆ ನನ್ನ ಕೈ ಇದೆ. ನಿನ್ನ ಮಾತು ಬರುವವರೆಗೆ ಅಲ್ಲಾಡಿಸುವುದಿಲ್ಲ.

ಅಳಿಲು


ಜುಲೈ 26

ಸರಿ.

ಒಂಟೆ